ಸಿಮ್ಮಿಲ್ಲದ್ದು, ಕ್ಯಾಮೆರಾ ಇಲ್ಲದ್ದು

ಮಂಚಿಕೇರಿಯಲ್ಲಿ ಶಿರಸಿಯ ಬಸ್ಸು ಹತ್ತಿದ್ದೀರಿ. ಮೇ ತಿಂಗಳ ಕೊನೆಯ ವಾರ. ನಿನ್ನೆ ಸಂಜೆ ಹೊಯ್ದ ಮಳೆಗೆ ಕೆಂಪು ಮಣ್ಣು ಡಾಂಬರಿನ ಮೇಲೆಲ್ಲ ಹರಡಿಕೊಂಡಿದೆ. ಕಿಟಕಿಯ ಗಾಜು ಅರ್ಧಕ್ಕೇ ಸಿಕ್ಕಿಬಿದ್ದು, ಒದ್ದೆ ಎಲೆಯ ವಾಸನೆ ನೇರ ಮುಖಕ್ಕೆ ಬಡಿಯುತ್ತಿದೆ. ಎದುರಿನ ಸೀಟಿನಲ್ಲಿ ಅಪ್ಪ, ಮಗಳು. ಮಗಳು ಆಧಾರ್ ಕಾರ್ಡು ತೋರಿಸಿ ಶೂನ್ಯ ಮೊತ್ತದ ಟಿಕೆಟ್ ತೆಗೆದುಕೊಂಡಳು. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆ ಇದೆಯಲ್ಲ. ಅಪ್ಪ ಮಾತ್ರ ಅಂಗಿಯ ಕಿಸೆಗೆ ಕೈ ಹಾಕಿದ. ದುಡ್ಡಿನ ಜೊತೆ ಒಂದು ಚೀಟಿಯೂ ಹೊರಬಂತು. ನೀವು ಕತ್ತು ಚಾಚಿ ಓದುತ್ತೀರಿ: ಮೈಲುತುತ್ತ, ಸುಣ್ಣ, ಕೊಟ್ಟಿಗೆಗೆ ಪ್ಲಾಸ್ಟಿಕ್, ಬಕೆಟ್, ಟ್ರಂಕು, ಬೀಗ. ಕೊನೆಯ ಸಾಲು ಬೇರೆ ಅಕ್ಷರದಲ್ಲಿದೆ. ಮಗಳದ್ದು: ‘ಹಾಡು ಕೇಳುವ ಮಷಿನ್’.

ಹುಡುಗಿಯ ಎಸ್ಸೆಸ್ಸೆಲ್ಸಿ ಮುಗಿದಿದೆ. ಘಟ್ಟದ ಕೆಳಗಿನ ಒಂದು ಕಾಲೇಜಿನಲ್ಲಿ ಪಿಯುಸಿಗೆ ಸೀಟು ಸಿಕ್ಕಿದೆ, ಹಾಸ್ಟೆಲ್ಲೂ ಅಲ್ಲೇ. ಅಲ್ಲಿಂದ ಬಂದ ಹಾಳೆಯಲ್ಲಿ ತರಬೇಕಾದ್ದು, ತರಬಾರದ್ದು ಎಂದು ಎರಡು ಪಟ್ಟಿ. ತರಬಾರದ್ದರಲ್ಲಿ ಮೊದಲನೆಯದೇ ಮೊಬೈಲು. ಹಾಡು ಕೇಳುವ ಮಷಿನ್ನಿನ ಹೆಸರು ಎರಡು ಪಟ್ಟಿಯಲ್ಲೂ ಇಲ್ಲ. ಅಪ್ಪ ಫೋನು ಮಾಡಿ ಕೇಳಿದಾಗ ವಾರ್ಡನ್ ಸ್ವಲ್ಪ ಯೋಚಿಸಿ, ಸಿಮ್ ಹಾಕುವಂಥದ್ದು ಬೇಡ, ಕ್ಯಾಮೆರಾ ಇರುವಂಥದ್ದೂ ಬೇಡ, ಉಳಿದದ್ದು ಅಡ್ಡಿಯಿಲ್ಲ ಎಂದಿದ್ದರು.

ಹುಡುಗಿ ಹಿಂದೂಸ್ತಾನಿ ಕಲಿಯುತ್ತಾಳೆ. ಈ ಭಾಗದಲ್ಲಿ ಅದು ದೊಡ್ಡ ಸಂಗತಿಯಲ್ಲ. ಬಸವರಾಜ ರಾಜಗುರುಗಳ ಶಿಷ್ಯ ಗಣಪತಿ ಭಟ್ಟರ ಹಾಸಣಗಿ ಇರುವುದು ಇದೇ ಯಲ್ಲಾಪುರ ತಾಲ್ಲೂಕಿನಲ್ಲಿ, ಅಡಿಕೆ ತೋಟದ ನಡುವೆ. ತಂಬೂರಿಯನ್ನು ಹಾಸ್ಟೆಲ್ಲಿಗೆ ಹೊತ್ತುಕೊಂಡು ಹೋಗಲಾಗದು, ಶ್ರುತಿಪೆಟ್ಟಿಗೆ ಹಾಕಿದರೆ ಕೋಣೆಯವರಿಗೆ ನಿದ್ದೆ ಕೆಡುತ್ತದೆ. ಕಿವಿಯೊಳಗೇ ಶ್ರುತಿ ಬರುವಂಥದ್ದು ಒಂದು ಬೇಕು ಎಂದು ಅವಳು ಮನೆಯಲ್ಲಿ ವಾದ ಮಂಡಿಸಿದಳು. ಅಪ್ಪ ಒಪ್ಪಿದ. ಆಯಿಗೆ ಮಾತ್ರ ಅನುಮಾನ. ಶ್ರುತಿಯ ಹೆಸರಿನಲ್ಲಿ ಏನೆಲ್ಲ ಒಳಗೆ ಬರುತ್ತದೆಂದು ಅವಳಿಗೆ ಗೊತ್ತು.

ಬಸ್ಸು ಒಂದು ತಿರುವು ತಿರುಗಿದ್ದೇ ನಿಮ್ಮ ಫೋನಿನಲ್ಲಿ ಓಡುತ್ತಿದ್ದ ಹಾಡು ನಿಂತಿತು. ಗುಂಡಗಿನ ಚಕ್ರ ತಿರುಗುತ್ತಲೇ ಇದೆ. ಹುಡುಗಿ ಹಿಂತಿರುಗಿ ನೋಡಿ ನಗುತ್ತಾಳೆ. ಬೇಡ್ತಿ ಕಣಿವೆಯ ಮಕ್ಕಳಿಗೆ ಈ ಚಕ್ರ ಹಳೆಯ ಪರಿಚಯ. 2020ರಲ್ಲಿ ಶಾಲೆ ಮುಚ್ಚಿ ಪಾಠವೆಲ್ಲ ಫೋನಿಗೆ ಬಂದಾಗ ಶಿರಸಿ, ಸಿದ್ದಾಪುರ, ಯಲ್ಲಾಪುರದ ಎಷ್ಟೋ ಹಳ್ಳಿಯ ಮಕ್ಕಳು ಗುಡ್ಡದ ನೆತ್ತಿ ಹತ್ತಿ, ಪ್ಲಾಸ್ಟಿಕ್ ಹೊದೆಸಿದ ಗುಡಿಸಲಿನಲ್ಲಿ ಕುಳಿತು ಪಾಠ ಕೇಳಿದರು. ಇವಳೂ ಕುಳಿತಿದ್ದಳು, ಆಗ ಹನ್ನೊಂದು ವರ್ಷ. ಬೆಂಗಳೂರಿನವರಿಗೆ ಹಾಡೆಂದರೆ ನಲ್ಲಿ ತಿರುಗಿಸಿದರೆ ಬರುವ ನೀರು. ಇಲ್ಲಿ ಈಗಲೂ ಕೊಡದಲ್ಲಿ ತುಂಬಿ ಇಟ್ಟುಕೊಳ್ಳಬೇಕು. ಎಫ್.ಎಂ. ಅಲೆಯೂ ನೇರ ದಾರಿಯದ್ದೇ, ಗುಡ್ಡ ಅಡ್ಡ ಬಂದರೆ ಮುಗಿಯಿತು.

ಭೈರುಂಬೆ ದಾಟಿತು. ಹಿಂದಿನ ಸೀಟಿನಲ್ಲಿ ಯಾರೋ ಮೊಬೈಲಿನ ಸ್ಪೀಕರಿನಲ್ಲೇ ರೀಲ್ಸ್ ಹಚ್ಚಿದ್ದಾನೆ. ಸಾರಿಗೆ ಬಸ್ಸಿನಲ್ಲಿ ಹಾಗೆ ಹಚ್ಚಕೂಡದೆಂದು 2021ರಲ್ಲೇ ಆದೇಶವಾಗಿದೆ. ಕಂಡಕ್ಟರು ಒಮ್ಮೆ ಅತ್ತ ನೋಡಿ, ಚಿಲ್ಲರೆ ಎಣಿಸತೊಡಗುತ್ತಾನೆ.

ಶಿರಸಿಯಲ್ಲಿ ಅಪ್ಪ, ಮಗಳ ಜೊತೆಗೇ ನೀವೂ ಇಳಿಯುತ್ತೀರಿ. ಮೊದಲ ಕೆಲಸ ಟಿಎಸ್‌ಎಸ್ ಅಂಗಳದ್ದು. 1923ರಲ್ಲಿ ಹುಟ್ಟಿದ ತೋಟಗಾರ್ಸ್ ಸೊಸೈಟಿ ಇದು, ಇಲ್ಲಿನ ಅನೇಕ ಮನೆಗಳಿಗೆ ಬ್ಯಾಂಕೂ ಹೌದು, ಅಂಗಡಿಯೂ ಹೌದು. ಒಳಗೆ ಕಾಲಿಟ್ಟರೆ ಗೋಣಿಚೀಲದ, ಒಣ ಅಡಿಕೆಯ ಒಗರು ವಾಸನೆ. ರಾಶಿ, ಚಾಲಿ, ಬೆಟ್ಟೆ, ಕೋಕಾ, ಬಿಳೆಗೋಟು ಎಂದು ಬೇರೆ ಬೇರೆ ಗುಪ್ಪೆ. ವ್ಯಾಪಾರಿಗಳು ಒಂದೊಂದು ಹಿಡಿ ಎತ್ತಿ ನೋಡಿ, ಮತ್ತೆ ಸುರಿದು ಮುಂದೆ ಹೋಗುತ್ತಾರೆ. ಅಪ್ಪ ಕೌಂಟರಿನಲ್ಲಿ ಖಾತೆ ನೋಡಿಸಿ ದುಡ್ಡು ತೆಗೆಸುವಷ್ಟು ಹೊತ್ತು ನೀವು ಮತ್ತು ಹುಡುಗಿ ಗೋಡೆಗೆ ಒರಗಿ ನಿಂತಿದ್ದೀರಿ. ಅವಳು ನಿಮ್ಮ ಫೋನು ಇಸಿದುಕೊಂಡು ಸೋನಿಯ ವಾಕ್‌ಮನ್ ಹುಡುಕುತ್ತಾಳೆ, ಶಿರಸಿಯಲ್ಲಿ ನೆಟ್‌ವರ್ಕ್‌ಗೆ ಬರವಿಲ್ಲ. 1979ರಲ್ಲಿ ಕ್ಯಾಸೆಟ್ಟಿನೊಂದಿಗೆ ಹುಟ್ಟಿದ ಆ ಹೆಸರು ಇನ್ನೂ ಬದುಕಿದೆ, ಆದರೆ ಬೇರೆ ಜಾತಿಯಾಗಿ. 2023ರಲ್ಲಿ ಭಾರತಕ್ಕೆ ಬಂದ ಒಂದು ಮಾದರಿಯ ಬೆಲೆ 69,990 ರೂಪಾಯಿ. ಅವಳು ಆ ಅಂಕಿಯನ್ನು ನಿಮ್ಮ ಮುಖಕ್ಕೆ ಹಿಡಿಯುತ್ತಾಳೆ. ರಾಶಿ ಅಡಿಕೆ ಕ್ವಿಂಟಲಿಗೆ 45,000 ಎಂದು ಹಿಡಿದರೂ ಒಂದೂವರೆ ಕ್ವಿಂಟಲಿಗೆ ಜಾಸ್ತಿ. ಅಷ್ಟು ಕೊಟ್ಟರೂ ಅದು ವೈಫೈ ಇರುವ ಆ್ಯಂಡ್ರಾಯ್ಡ್ ಯಂತ್ರ, ವಾರ್ಡನ್ನರ ಕಣ್ಣಿಗೆ ಮೊಬೈಲೇ. ಐಪಾಡ್ ಕೇಳಿದರೆ ಅದೂ ಇಲ್ಲ. 2001ರಲ್ಲಿ ಸಾವಿರ ಹಾಡು ಕಿಸೆಯಲ್ಲಿ ಎಂದು ಬಂದದ್ದು, 2022ರ ಮೇ 10ರಂದು ಇನ್ನು ಮಾಡುವುದಿಲ್ಲ ಎಂದು ಆ್ಯಪಲ್ ಹೇಳಿ ಮುಗಿಸಿತು.

ಸಿ.ಪಿ. ಬಜಾರಿಗೆ ನಡೆಯಿರಿ. ಮಳೆಗಾಲದ ಮುಂಚಿನ ಶಿರಸಿ ಪೇಟೆಯನ್ನು ನೋಡಬೇಕಾದ್ದು ಈ ವಾರದಲ್ಲೇ. ಅಂಗಡಿ ಮುಂದೆ ನೀಲಿ ಪ್ಲಾಸ್ಟಿಕ್ಕಿನ ಸುರುಳಿಗಳು ಆಳೆತ್ತರಕ್ಕೆ ನಿಂತಿವೆ, ಕೊಡೆಗಳು ಸೂರಿನಿಂದ ನೇತಾಡುತ್ತಿವೆ, ಹಲಸಿನ ಹಪ್ಪಳದ ಕಟ್ಟುಗಳು ಬುಟ್ಟಿಯಲ್ಲಿ. ಮೈಲುತುತ್ತದ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಒಂದು ಕಿಲೋ ತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು: ಕೊಳೆರೋಗಕ್ಕೆ ತೋಟಿಗರು ನಂಬಿದ ಬೋರ್ಡೋ ದ್ರಾವಣ. ಮಳೆ ಹಿಡಿಯುವ ಮೊದಲು ಒಂದು ಸಲ ಹೊಡೆದಾಗಬೇಕು. ಅಪ್ಪನ ಚೀಟಿಯಲ್ಲಿ ಇದು ಮೊದಲಿರುವುದಕ್ಕೆ ಕಾರಣವಿದೆ. ಮಗಳ ಫೀಸೂ ಇದರ ಮೇಲೇ ನಿಂತಿದೆ.

ಮೊಬೈಲ್ ಅಂಗಡಿ. ಗಾಜಿನ ಬಾಗಿಲು, ಒಳಗೆ ತಣ್ಣಗೆ. ಅಪ್ಪ ಚಪ್ಪಲಿ ಹೊರಗೆ ಬಿಡಬೇಕೋ ಬೇಡವೋ ಎಂದು ಒಂದು ಕ್ಷಣ ಅನುಮಾನಿಸಿ ಹಾಗೇ ಒಳಬರುತ್ತಾನೆ.

“ಹಾಡು ಕೇಳೂದು. ಫೋನಲ್ಲ. ಬರೀ ಹಾಡು.”

ಕೌಂಟರಿನ ಹುಡುಗನಿಗೆ ಇಪ್ಪತ್ತೆರಡಿರಬಹುದು. “ಎಂಪಿತ್ರೀನಾ ಭಟ್ರೇ? ಅದೆಲ್ಲ ಎಲ್ಲಿ ಬರ್ತದೆ ಈಗ. ಎಲ್ಲಾ ಮೊಬೈಲಲ್ಲೇ.” ಆದರೂ ಒಳ್ಳೆಯ ಹುಡುಗ, ಮೂರು ವಸ್ತು ತೆಗೆದು ಗಾಜಿನ ಮೇಲೆ ಸಾಲಾಗಿ ಇಟ್ಟ. ಮೊದಲನೆಯದು ಸಾರೇಗಾಮಾದ ಕಾರವಾನ್. 2017ರಲ್ಲಿ ಐದು ಸಾವಿರ ಹಾಡು ಮೊದಲೇ ತುಂಬಿಸಿಕೊಂಡು ಬಂದದ್ದು, ಕನ್ನಡದ್ದೂ ಇದೆ. ನೋಡಲು ಹಳೇ ರೇಡಿಯೋ. ಹುಡುಗಿ ಒಂದೇ ಮಾತಿನಲ್ಲಿ ತೀರ್ಪು ಕೊಡುತ್ತಾಳೆ: “ಇದು ಅಜ್ಜಂಗೆ ಅಡ್ಡಿಲ್ಲೆ.” ಎರಡನೆಯದು ಬ್ಲೂಟೂತ್ ಸ್ಪೀಕರು, ಕಾರ್ಡು ಹಾಕಿದರೆ ತಾನೇ ಹಾಡುತ್ತದೆ, ಆದರೆ ಊರಿಗೆಲ್ಲ ಕೇಳುತ್ತದೆ. ಮೂರನೆಯದು ಕೀಪ್ಯಾಡ್ ಫೋನು.

ಈ ಮೂರನೆಯದನ್ನು ನೀವು ಕೈಗೆತ್ತಿಕೊಂಡು ಎಲ್ಲರ ಪರವಾಗಿ ಆಸೆಪಡುತ್ತೀರಿ. 2020ರಲ್ಲಿ ನೋಕಿಯಾ ತನ್ನ ಹಳೇ 5310ನ್ನು ಮತ್ತೆ ಹೊಸದಾಗಿ 3,399 ರೂಪಾಯಿಗೆ ಬಿಟ್ಟಿತ್ತು. ಹಾಡಿಗೇ ಬೇರೆ ಗುಂಡಿಗಳು, ಎರಡು ಸ್ಪೀಕರು, 32 ಜಿಬಿ ಕಾರ್ಡು ಹಿಡಿಯುತ್ತದೆ, ಬ್ಯಾಟರಿ ಬಿಚ್ಚಬಹುದು. ಅದೇ ಬಳಗದ್ದು ಇದು. ಸಿಮ್ ಹಾಕದೆ ಇಟ್ಟರೆ ಇದಕ್ಕಿಂತ ಗಟ್ಟಿಯಾದ ಹಾಡಿನ ಪೆಟ್ಟಿಗೆ ಈ ಪೇಟೆಯಲ್ಲಿ ಸಿಗಲಾರದು. ಮನೆಯಲ್ಲೇ ಇರುವ ಮಕ್ಕಳಿಗೆ ತೆಗೆಯುವವರು ಇಲ್ಲಿಗೇ ಹುಡುಕಾಟ ನಿಲ್ಲಿಸಬಹುದು.

“ಅಪ್ಪಾ, ಇದ್ರ ಹಿಂದೆ ಕ್ಯಾಮೆರಾ ಇದ್ದು.”

ಅಪ್ಪ ತಿರುಗಿಸಿ ನೋಡುತ್ತಾನೆ. ಹೌದು, ಸಾಸಿವೆ ಕಾಳಿನಷ್ಟು. “ಹಾಂಗಾರೆ ಬ್ಯಾಡ.” ಹುಡುಗಿ ಸುಮ್ಮನಿದ್ದಿದ್ದರೆ ಅಪ್ಪನಿಗೆ ಅದು ಕಾಣುತ್ತಲೇ ಇರಲಿಲ್ಲ. ಹದಿನಾರರ ವಯಸ್ಸಿನಲ್ಲಿ ಇಷ್ಟು ಪ್ರಾಮಾಣಿಕತೆ ಎಲ್ಲಿಂದ ಬಂತೆಂದು ನಿಮಗೆ ಆಶ್ಚರ್ಯ. ಆಮೇಲೆ ಹೊಳೆಯುತ್ತದೆ: ಹಾಸ್ಟೆಲ್ಲಿಗೆ ಹೋದ ಮೇಲೆ ಕಿತ್ತುಕೊಂಡರೆ ನಷ್ಟ ಅವಳದ್ದೇ.

ಅಂಗಡಿಯ ಹುಡುಗನೇ ದಾರಿ ಹೇಳಿದ. ಅದೇ ಬೀದಿಯ ಓಣಿಯಲ್ಲಿ ಮಿಕ್ಸರ್, ಟಿ.ವಿ. ರಿಪೇರಿ ಮಾಡುವವರೊಬ್ಬರಿದ್ದಾರೆ, ಅವರಲ್ಲಿ ಇದ್ದರೆ ಇದ್ದೀತು. ಒಳಗೆ ಹೋದರೆ ಬೆಸುಗೆ ಕಡ್ಡಿಯ ಹೊಗೆ, ಹೊಟ್ಟೆ ಬಗೆದ ಟಿ.ವಿ.ಗಳು, ಮಂತ್ರ ಹೇಳುವ ಪುಟ್ಟ ಪೆಟ್ಟಿಗೆಗಳು. ಕನ್ನಡಕವನ್ನು ಹಣೆಗೇರಿಸಿದ ಯಜಮಾನರು ನಿಮ್ಮ ಬೇಡಿಕೆ ಕೇಳಿ ಖುಷಿಯಾದರು. ಹದಿನೈದು ವರ್ಷದ ಹಿಂದೆ ಇದೇ ಓಣಿಯಲ್ಲಿ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಳ್ಳಲು ಹುಡುಗರು ಸರದಿ ನಿಲ್ಲುತ್ತಿದ್ದರಂತೆ, ಕಾರ್ಡಿಗೆ ಇಪ್ಪತ್ತು ಮೂವತ್ತು ರೂಪಾಯಿ. ಯಾರ ಹಾಡು, ಯಾರ ಹಕ್ಕು ಎಂದು ಕೇಳಿದವರಿಲ್ಲ. ಜಾತ್ರೆಗೆ ಬಂದವರಂತೂ ತೇರು ನೋಡಿದಷ್ಟೇ ಶ್ರದ್ಧೆಯಿಂದ ಚೈನಾ ಸೆಟ್ಟು ನೋಡುತ್ತಿದ್ದರು. ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ. ಒಂದು ಜಾತ್ರೆಯಲ್ಲಿ ಕೊಂಡ ಸೆಟ್ಟು ಮುಂದಿನ ಜಾತ್ರೆಗೆ ಉಳಿಯುತ್ತಿರಲಿಲ್ಲ ಎಂದು ಅಪ್ಪ ಸೇರಿಸುತ್ತಾನೆ.

ಡ್ರಾಯರಿನ ತಳದಿಂದ ಎರಡು ಬಗೆ ಹೊರಬಂತು. ಒಂದು ಬೆಂಕಿಪೆಟ್ಟಿಗೆಯ ಅರ್ಧದಷ್ಟಿದೆ, ಬೆನ್ನಿಗೆ ಕ್ಲಿಪ್ಪು, ಪರದೆ ಇಲ್ಲ, 200 ರೂಪಾಯಿ. ಇನ್ನೊಂದು ಹುಬ್ಬಳ್ಳಿಯಿಂದ ತರಿಸಿದ್ದು, ಎರಡು ಬೆರಳಗಲದ ಪರದೆ, ಐದು ಗುಂಡಿ, 950 ಹೇಳಿ 900ಕ್ಕೆ ಇಳಿದರು. ಇಲ್ಲಿ ನೀವು ಗಡಿಬಿಡಿ ಮಾಡಬೇಡಿ. ಹಾಡೊಂದನ್ನು ಹಚ್ಚಿ, ಅರ್ಧಕ್ಕೆ ಆರಿಸಿ, ಮತ್ತೆ ಹೊತ್ತಿಸಿ ನೋಡಿ. ಕ್ಲಿಪ್ಪಿನದ್ದು ಪ್ರತಿಸಲವೂ ಒಂದನೇ ಹಾಡಿಗೇ ಓಡುತ್ತದೆ. ಐದು ನಿಮಿಷದ ಹಾಡಿಗೆ ಪರವಾಗಿಲ್ಲ, ಮೂರು ತಾಸಿನ ತಾಳಮದ್ದಲೆಗೆ ಇದು ಶಾಪ. ಪರದೆಯದ್ದು ನಿಂತಲ್ಲಿಂದಲೇ ಹೊರಟಿತು. ಇಯರ್‌ಫೋನ್ ತೂತಿಗೆ ಕಡ್ಡಿ ಚುಚ್ಚಿ ಅಲ್ಲಾಡಿಸಿ, ಗರಗರ ಎಂದರೆ ಬೇಡವೆನ್ನಿ. ಚಾರ್ಜಿಗೆ ಇಟ್ಟಾಗ ಬಿಸಿಯಾಗುತ್ತದೆಯೇ ಎಂದು ಅಂಗೈಯಲ್ಲಿ ಹಿಡಿದು ನೋಡಿ. ಯಜಮಾನರು ಬೇಸರಪಡುವುದಿಲ್ಲ, ತಾವೇ ಎರಡು ಸಲ ಆರಿಸಿ ಹೊತ್ತಿಸಿ ತೋರಿಸುತ್ತಾರೆ. ಎರಡು ಕಿಲೋ ಅಡಿಕೆಯ ದುಡ್ಡು ಕೈ ಬದಲಾಯಿತು. ಸಿಮ್ಮಿಲ್ಲ, ಕ್ಯಾಮೆರಾ ಇಲ್ಲ.

ಕಾರ್ಡಿನ ವಿಷಯಕ್ಕೆ ಬಂದಾಗ ಹುಡುಗಿಯ ಕಣ್ಣು ಪಕ್ಕದ ಗೂಡಂಗಡಿಯ ಮೇಲೆ. ಅಲ್ಲಿ 512 ಜಿಬಿ ಎಂದು ಬರೆದದ್ದು 350 ರೂಪಾಯಿ. ಅವಳನ್ನು ತಡೆಯಿರಿ. ಅಂಥ ಕಾರ್ಡು ಕಂಪ್ಯೂಟರಿಗೆ ಸುಳ್ಳು ಹೇಳಲು ಕಲಿತಿರುತ್ತದೆ. ಒಳಗಿರುವುದು ಎಂಟೋ ಹದಿನಾರೋ, ಅದು ತುಂಬಿದ ಮೇಲೆ ಹಾಕಿದ್ದೆಲ್ಲ ಹಾಳು. ಇಂಥ ಸಣ್ಣ ಸೆಟ್ಟುಗಳು ಸಾಮಾನ್ಯವಾಗಿ 32 ಜಿಬಿಗಿಂತ ದೊಡ್ಡದನ್ನು ಓದುವುದೂ ಇಲ್ಲ. ಒಳ್ಳೆಯ ಕಂಪನಿಯ 32 ಸಾಕು. ಸಾಧಾರಣ ಗುಣಮಟ್ಟದ ಎಂಪಿತ್ರೀ ನಿಮಿಷಕ್ಕೆ ಸುಮಾರು ಒಂದು ಎಂಬಿ ತಿನ್ನುತ್ತದೆ. ಬೆಳಗಿನ ತನಕದ ಎಂಟು ತಾಸಿನ ಆಟ 460 ಎಂಬಿ ಆಸುಪಾಸು. ಉಗುರಿನಷ್ಟು ಕಾರ್ಡಿನಲ್ಲಿ ಅರವತ್ತೈದು ರಾತ್ರಿಯ ಯಕ್ಷಗಾನ ಕೂರುತ್ತದೆ. ಈ ಲೆಕ್ಕ ಕೇಳಿ ಹುಡುಗಿಗೆ ಸಂತೋಷಕ್ಕಿಂತ ಗಾಬರಿಯೇ ಹೆಚ್ಚಾಯಿತು. ಕಾರ್ಡು ತುಂಬಿಸಿಕೊಡಲೆಂದು ಯಕ್ಷಗಾನದ ಹುಚ್ಚಿನ ಅವಳ ಮಾವ ಸಿದ್ದಾಪುರದಿಂದ ಹೊರಟಾಗಿದೆ.

ಮಾವ ಬಂದ. ಬಗಲಲ್ಲಿ ಪಾಣಿಪಂಚೆಯಲ್ಲಿ ಸುತ್ತಿದ ಹಾರ್ಡ್ ಡಿಸ್ಕು, ಇನ್ನೊಂದು ಕೈಯಲ್ಲಿ ತಂಗಿಗೆಂದು ಅಪ್ಪೆಮಿಡಿಯ ಭರಣಿ. “ಭಾವ, ಊಟ ಆತ?” ಎಂದು ಅಪ್ಪನನ್ನು ಕೇಳಿದ್ದೇ ಉತ್ತರಕ್ಕೆ ಕಾಯದೆ ಯಜಮಾನರ ಕಂಪ್ಯೂಟರಿನ ಮುಂದೆ ಕುಳಿತುಬಿಟ್ಟ.

ಈ ಡಿಸ್ಕಿನದು ದೊಡ್ಡ ಕತೆ. ಎಂಬತ್ತರ ದಶಕದಿಂದ ಮಾವ ಕೂಡಿಟ್ಟದ್ದು ಕ್ಯಾಸೆಟ್ಟು. ಅಂಗಡಿಯಲ್ಲಿ ಕೊಂಡದ್ದು ಕೆಲವು, ರಂಗಸ್ಥಳದ ಮುಂದೆ ಟೇಪ್‌ರೆಕಾರ್ಡರು ಇಟ್ಟು ತಾನೇ ಹಿಡಿದದ್ದು ಹಲವು. ಮಲೆನಾಡಿನ ಮಳೆಗಾಲ ಕ್ಯಾಸೆಟ್ಟಿನ ವೈರಿ. ಟೇಪಿನ ಮೇಲೆ ಬಿಳಿ ಬೂಷ್ಟು ಹಿಡಿದು ಅದು ಟೇಪ್‌ರೆಕಾರ್ಡರಿನ ತಲೆಗೂ ಹತ್ತುತ್ತಿತ್ತು. ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟು ಉಳಿಸಿಕೊಂಡವನ್ನು ಮಾವ ಒಂದೊಂದಾಗಿ ಕಂಪ್ಯೂಟರಿಗೆ ಇಳಿಸಿದ. ಅದಕ್ಕೆ ಅಡ್ಡದಾರಿ ಇಲ್ಲ. ತೊಂಬತ್ತು ನಿಮಿಷದ ಕ್ಯಾಸೆಟ್ಟು ಇಳಿಯಲು ತೊಂಬತ್ತು ನಿಮಿಷವೇ ಬೇಕು, ನಡುವೆ ಕರೆಂಟು ಹೋದರೆ ಮೊದಲಿನಿಂದ.

“ಇದು ನೆಬ್ಬೂರರದ್ದು, ತಂಗಿ. ಕೆರೆಮನೆ ಮೇಳದ್ದು. ಕೇಳು.”

ಇಯರ್‌ಫೋನಿನ ಒಂದು ಎಳೆ ಅವಳಿಗೆ, ಒಂದು ನಿಮಗೆ. ಮೊದಲು ಜನರೇಟರಿನ ಗುಂಯ್ ಸದ್ದು. ಯಾರೋ ಕೆಮ್ಮಿದರು. ದೂರದಲ್ಲಿ ಶೇಂಗಾ ಮಾರುವವನ ಕೂಗು. ಆಮೇಲೆ ಮದ್ದಲೆ, ಅದರ ಮೇಲೆ ನೆಬ್ಬೂರು ನಾರಾಯಣ ಭಾಗವತರ ಗಂಟಲು, ಗಡಿಬಿಡಿಯೇ ಇಲ್ಲದ್ದು. ಪದ್ಯ ಏರುತ್ತಿದ್ದಂತೆ ಟಕ್ ಎಂದು ಕಡಿಯಿತು. “ಮಗ್ಗಲು ಬದಲ್ಸಿದ ಜಾಗ,” ಎನ್ನುತ್ತಾನೆ ಮಾವ. ನಲವತ್ತೈದು ನಿಮಿಷಕ್ಕೆ ಕ್ಯಾಸೆಟ್ಟು ತಿರುಗಿಸಲೇಬೇಕಿತ್ತು, ಭಾಗವತರು ಕಾಯುತ್ತಾರೆಯೇ? 2019ರಲ್ಲಿ ತೀರಿಕೊಂಡ ನೆಬ್ಬೂರರು, 1990ರಲ್ಲಿ ರಸ್ತೆ ಅಪಘಾತದಲ್ಲಿ ಎಳೆಯ ಪ್ರಾಯದಲ್ಲೇ ಹೋದ ಕಾಳಿಂಗ ನಾವಡರು, ಎಲ್ಲರೂ ಈ ಡಿಸ್ಕಿನಲ್ಲಿದ್ದಾರೆ. ಚಿಟ್ಟಾಣಿಯವರದೂ ಉಂಟು ಎಂದು ಮಾವ ಹೆಮ್ಮೆಯಿಂದ ಹಚ್ಚುತ್ತಾನೆ. ನಿಮಗೆ ನಗು ಬರುತ್ತದೆ. ಕುಣಿತ, ಕಣ್ಣು, ಕೈ ಎಲ್ಲವೂ ಆಗಿದ್ದ ಆ ಪದ್ಮಶ್ರೀ ಕಲಾವಿದರದ್ದು ಕಿವಿಗೆ ಸಿಗುವುದೆಂದರೆ ಗೆಜ್ಜೆ ಮತ್ತು ಜನರ ಶಿಳ್ಳೆ. ಮಾವನಿಗೆ ಅಷ್ಟೇ ಸಾಕು, ಉಳಿದದ್ದು ಅವನ ಕಣ್ಣೊಳಗೇ ಇದೆ. ಹುಡುಗಿಗೆ ಇಲ್ಲ.

“ಮಾವ, ಯಂಗೆ ಸಿನಿಮಾ ಹಾಡೂ ಬೇಕು.”

ಅವಳ ಆಯಿಯ ಫೋನಿನಲ್ಲಿ ಇನ್ನೂರು ಹಾಡು ‘ಡೌನ್‌ಲೋಡ್’ ಆಗಿವೆಯಂತೆ, ಅವನ್ನು ದಾಟಿಸಿದರಾಯಿತು. ಯಜಮಾನರು ತಲೆ ಅಲ್ಲಾಡಿಸಿದರು. ಆ್ಯಪಿನೊಳಗೆ ಇಳಿಸಿಕೊಂಡದ್ದು ಆ್ಯಪಿನ ಬೀಗದೊಳಗೇ ಇರುತ್ತದೆ, ಚಂದಾ ನಿಂತ ದಿನ ಅದೂ ಹೋಗುತ್ತದೆ. ಹುಡುಗಿಗೆ ಇದು ನಿಜಕ್ಕೂ ಹೊಸ ಸುದ್ದಿ. ತನ್ನದೆಂದುಕೊಂಡ ಇನ್ನೂರು ಹಾಡಿನಲ್ಲಿ ಒಂದೂ ತನ್ನದಲ್ಲ! ಮಾವ ಈ ಗೆಲುವನ್ನು ಮುಖದಲ್ಲಿ ತೋರಿಸದಿರಲು ಹೆಣಗುತ್ತಾನೆ. ಕೊನೆಗೆ ಬೆಂಗಳೂರಿನ ಅಣ್ಣನಿಗೆ ಫೋನು ಹೋಯಿತು. ಅವನು ದುಡ್ಡು ಕೊಟ್ಟು ತೆಗೆದುಕೊಂಡ ಹಾಡುಗಳ ಫೈಲುಗಳು ಅಂಗಡಿಯ ಮಿಂಚಂಚೆಗೆ ಬಂದವು, ನಲವತ್ತು ಚಿಲ್ಲರೆ.

ಇನ್ನು ಶ್ರುತಿ. ಕಪ್ಪು ಐದರ ತಂಬೂರಿ, ಎರಡು ನಿಮಿಷದ್ದು. ಸೆಟ್ಟು ಅದನ್ನೇ ಮತ್ತೆ ಮತ್ತೆ ಹಚ್ಚುತ್ತದೆ ನಿಜ, ಆದರೆ ಪ್ರತಿ ಸುತ್ತಿನ ನಡುವೆ ಅರ್ಧ ಸೆಕೆಂಡು ಖಾಲಿ. ಹಾಡುವವಳು ಅಲ್ಲಿ ಎಡವುತ್ತಾಳೆ. ಮಾವ ಅದನ್ನೇ ಮೂವತ್ತು ಸಲ ಜೋಡಿಸಿ ಒಂದು ತಾಸಿನ ಒಂದೇ ಫೈಲು ಮಾಡಿಕೊಟ್ಟ. ಹುಡುಗಿ ಕಣ್ಣು ಮುಚ್ಚಿ ಷಡ್ಜ ಹಿಡಿದು ನೋಡಿದಳು, ಟಿ.ವಿ.ಗಳ ನಡುವೆ ನಿಂತೇ. ಅಪ್ಪ ಮೊದಲ ಸಲ ಸಮಾಧಾನದ ಮುಖ ಮಾಡಿದ.

ಸೆಟ್ಟಿಗೆ ಹಾಕಿ ಹಚ್ಚಿದರೆ ಪರದೆಯ ತುಂಬ ಚೌಕಗಳು. ಇಂಥ ಅಗ್ಗದ ಸೆಟ್ಟುಗಳಿಗೆ ಕನ್ನಡ ಅಕ್ಷರ ಹಾಕುವ ಗೋಜಿಗೆ ಯಾರೂ ಹೋಗುವುದಿಲ್ಲ. ಮಾವ ಇಟ್ಟ ಚಂದದ ಹೆಸರುಗಳೆಲ್ಲ, ಪ್ರಸಂಗ, ಭಾಗವತರು, ಇಸವಿ, ಊರು, ಸಾಲಾಗಿ ಖಾಲಿ ಪೆಟ್ಟಿಗೆಗಳಾಗಿವೆ. ಹೆಸರಿನ ಬದಲು ಅಂಕಿ ಕೊಡುವುದೆಂದು ತೀರ್ಮಾನ. ಹುಡುಗಿ ಫಿಸಿಕ್ಸಿಗೆಂದು ಆಗಷ್ಟೇ ಕೊಂಡ ಇನ್ನೂರು ಪುಟದ ನೋಟ್‌ಬುಕ್ಕಿನ ಕೊನೆಯಿಂದ ಶುರುಮಾಡುತ್ತಾಳೆ: 1 ತಂಬೂರಿ, 2 ಕಾಂತಾರ. ಮಾವ ಹೇಳುತ್ತ ಹೋದ, ಅವಳು ಬರೆಯುತ್ತ ಹೋದಳು. ಮೂವತ್ತರ ಆಸುಪಾಸಿನಲ್ಲಿ ಒಂದು ಪ್ರಸಂಗದ ಪದ್ಯವನ್ನು ಅವಳೇ ಗುನುಗಿ, “ಇದಾ ಮಾವ?” ಎಂದಾಗ ಮಾವ ಮೌಸು ಬಿಟ್ಟು ಅವಳನ್ನೇ ನೋಡಿದ.

ಹೊರಡುವ ಮುಂಚೆ ಸದ್ದಿನ ಮಾತೊಂದು ಬಾಕಿ. ಮಕ್ಕಳ ಕಿವಿಗೆ ವಾರಕ್ಕೆ ನಲವತ್ತು ತಾಸು, 75 ಡೆಸಿಬೆಲ್ ಮೀರಬಾರದೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹಾಸ್ಟೆಲ್ಲಿನಲ್ಲಿ ಡೆಸಿಬೆಲ್ ಅಳೆಯುವವರಾರು? ಯಜಮಾನರು ಸೆಟ್ಟಿನ ಸದ್ದನ್ನು ಅರ್ಧಕ್ಕಿಂತ ತುಸು ಮೇಲಿಟ್ಟು, ಅಪ್ಪನನ್ನು ಅವಳ ಪಕ್ಕ ನಿಲ್ಲಿಸಿ ಕೇಳಿಸುತ್ತದೆಯೇ ಎಂದರು. ಇಲ್ಲ. ಇನ್ನೂ ಏರಿಸಿದರು, ಕೇಳಿಸಿತು. “ಪಕ್ಕದವರಿಗೆ ಕೇಳಿದ್ರೆ ಜಾಸ್ತಿ ಆಯ್ತು ಅಂತ ಲೆಕ್ಕ, ಮಗಾ.”

ಬಸ್ ನಿಲ್ದಾಣಕ್ಕೆ ಬರುವಷ್ಟರಲ್ಲಿ ಮಳೆ ಹಿಡಿದಿದೆ. ಟ್ರಂಕು ಬಸ್ಸಿನ ಮೇಲೆ ಹೋಯಿತು, ಮೈಲುತುತ್ತದ ಚೀಲ ಸೀಟಿನ ಕೆಳಗೆ. ಸಿದ್ದಾಪುರದ ಬಸ್ಸು ಆಚೆ ತುದಿಯಲ್ಲಿ ನಿಂತಿದೆ, ಮಾವನಿಗೆ ಇನ್ನೂ ಹತ್ತು ನಿಮಿಷ ಉಂಟು. ಕಿಟಕಿಯ ಹತ್ತಿರ ಬಂದು ಕೊಡೆಯ ಕೆಳಗಿನಿಂದ ಹೇಳುತ್ತಾನೆ: ದಸರೆ ರಜೆಗೆ ಬರುವಾಗ ಕಾರ್ಡು ಮರೆಯದೆ ತಾ, ಹಳತು ತೆಗೆದು ಬೇರೆ ಹಾಕಿಕೊಡುತ್ತೇನೆ.

“ತೆಗೆಯೂದು ಬ್ಯಾಡ ಮಾವ. ಇನ್ನೊಂದು ಕಾರ್ಡ್ ಕೊಡ್ಸು.”

ಮಾವ ಗಡಿಯಾರ ನೋಡಿ, ಸಿದ್ದಾಪುರದ ಬಸ್ಸನ್ನು ನೋಡಿ, ಪಂಚೆ ಎತ್ತಿ ಕಟ್ಟಿಕೊಂಡು ಸಿ.ಪಿ. ಬಜಾರಿನ ಕಡೆಗೆ ಓಡುತ್ತಾನೆ. ನಿಮ್ಮ ಬಸ್ಸಿನ ಕಂಡಕ್ಟರು ಸೀಟಿ ಊದಿದ್ದಾನೆ. ಅಪ್ಪ ಎದ್ದು ನಿಂತು ಕೂಗುತ್ತಾನೆ: “ಹೋಯ್, ಒಂದ್ನಿಮಿಷ ತಡೀರಿ, ಜನ ಬರೂದಿದೆ!”